ನನ್ನ ಹೆಗಲನ್ನು ಯಾರೂ ಮುಟ್ಟಿ ನೋಡಲಿಲ್ಲ

ಮಾನ್ಯ ಆಸ್ಪತ್ರೆಯ ನಿರ್ದೇಶಕರೇ,

ನಾನು ಸಾಯಲು ಹೊರಟವನಲ್ಲ. ಸಾಯಲು ಹೊರಟಿದ್ದೆನೆಂದು ನಿಮ್ಮ ದಾಖಲೆಯಲ್ಲಿ ಬರೆದಿದೆ, ಅದು ಸುಳ್ಳು. ನಿಮ್ಮವರು ನನ್ನ ಲಿವರ್ ಉಳಿಸಿದರು, ಕೃತಜ್ಞ. ಆದರೆ ಮುರಿದ ಮೂಳೆಯೊಂದಿಗೆ ನಲವತ್ತು ಗಂಟೆ ಹಾಗೇ ಮಲಗಿಸಿದರಲ್ಲ, ಅದಕ್ಕೆ ಹೇಗೆ ಕೈಮುಗಿಯಲಿ? ಬಲಗೈ ಇನ್ನೂ ಏಳುತ್ತಿಲ್ಲ.

ಮೊಕ್ಪೊ ಬಂದರಿನ ಹಿಂದಿನ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಮೈ ನೀವುತ್ತಿರುವ ಕುರುಡ ನಾನು. ಬಲೆ ಎಳೆದು ಗಂಟುಕಟ್ಟಿದ ಬೆನ್ನು ಯಾವುದು, ಹೆಂಡತಿಯೊಡನೆ ಜಗಳವಾಡಿ ಬಿಗಿದ ಕತ್ತು ಯಾವುದು ಎಂದು ನನ್ನ ಹೆಬ್ಬೆರಳೇ ಹೇಳುತ್ತದೆ. ಕಳೆದ ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಹಿಮದಲ್ಲಿ ಜಾರಿ ಹೆಗಲ ಮೇಲೆ ಬಿದ್ದೆ. ಉಳುಕಿರಬೇಕೆಂದು ನೋವಿನ ಮಾತ್ರೆ ತಂದೆ. ತಗ್ಗಲಿಲ್ಲ. ಇನ್ನೊಂದು ಹೆಸರಿನ ಮಾತ್ರೆ ತಂದೆ, ಅದರ ಮೇಲೆ ನೆಗಡಿಯ ಪುಡಿ. ಮೂರರಲ್ಲೂ ಇದ್ದದ್ದು ಒಂದೇ ಔಷಧವಂತೆ, ಹೆಚ್ಚಾದರೆ ಲಿವರ್ ಕೆಡಿಸುವಂಥದ್ದು. ಡಬ್ಬಿಯ ಸಣ್ಣಕ್ಷರವನ್ನು ಕಣ್ಣಿದ್ದವರೇ ಓದುವುದಿಲ್ಲ. ಮೂರನೆಯ ದಿನ ವಾಂತಿ ನಿಲ್ಲದಾದಾಗ ಕೆಳಗಿನ ಗಂಜಿ ಅಂಗಡಿಯ ಪಿಲ್-ನ್ಯೊ ಆಂಬುಲೆನ್ಸ್ ಕರೆಸಿದಳು.

"ಎಷ್ಟು ಮಾತ್ರೆ ನುಂಗಿದ್ರಿ?" ಎಂದರು ನಿಮ್ಮ ಕಿರಿಯ ವೈದ್ಯರು. ಹೇಳಿದೆ.

"ಒಬ್ರೇ ಇರ್ತೀರಾ?"

"ಹೌದು."

ಅಷ್ಟೇ, ನನ್ನ ಕಥೆ ಅವರಿಗೆ ಪೂರ್ತಿ ತಿಳಿದುಹೋಯಿತು. ವಿಷ ಇಳಿಸುವ ಡ್ರಿಪ್ ಏರಿತು. "ಡಾಕ್ಟ್ರೇ, ಹೆಗಲು ನೋಯ್ತಿದೆ" ಎಂದೆ.

"ನೋವಿನ ಮಾತ್ರೆ ತಿಂದೇ ಇಲ್ಲಿಗೆ ಬಂದಿದ್ದೀರಿ ಅಪ್ಪಾಜಿ, ಮತ್ತೆ ಅದನ್ನೇ ಕೇಳ್ತೀರಲ್ಲ!" ಯಾರೋ ನಕ್ಕರು.

ನಾನು ಮಾತ್ರೆ ಕೇಳಿರಲಿಲ್ಲ. ನೋಯುತ್ತಿದೆ ಎಂದಿದ್ದೆ. ಇವೆರಡರ ವ್ಯತ್ಯಾಸವನ್ನು ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವುದಿಲ್ಲವೇ?

ಮರುದಿನ ಮನೋವೈದ್ಯರು ಬಂದರು. "ಯಾಕೆ ಸಾಯ್ಬೇಕು ಅನ್ನಿಸ್ತು?"

"ಅನ್ನಿಸಿಲ್ಲ. ಹೆಗಲು ನೋವು."

"ಒಂಟಿತನ ಕಾಡುತ್ತಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಾಡುತ್ತೆ" ಎಂದೆ. ಪೆನ್ನು ಸರಸರನೆ ಓಡಿದ್ದು ಕೇಳಿಸಿತು. ಒಂಟಿಯಾಗಿರುವವನ ಮೂಳೆ ಮುರಿಯಕೂಡದೆಂದು ನಿಯಮವಿದೆಯೇ?

ಮೂರನೆಯ ಬೆಳಿಗ್ಗೆ, ಪಕ್ಕದ ಹಾಸಿಗೆಯವರನ್ನು ನೋಡಿಕೊಳ್ಳುವ ಆಯಾ ಹ್ಯೊ-ಸಿಮ್, ಬೆವರಿಗೆ ತೊಯ್ದ ನನ್ನ ಅಂಗಿಯನ್ನು ತಾನಾಗಿಯೇ ಬದಲಿಸಲು ಬಂದಳು. "ಅಯ್ಯಯ್ಯೋ, ಹೆಗಲೆಲ್ಲ ಬದನೆಕಾಯಿ ಬಣ್ಣ ಆಗೋಗಿದೆ! ಡಾಕ್ಟ್ರೇ, ಕಣ್ಣು ಕಾಣದೇ ಇರೋದು ಇವರಿಗೋ, ನಿಮಗೋ?" ಎಂದು ಕೂಗಿದಳು. ಆಮೇಲೆ ಮೆಲ್ಲಗೆ ಹೆಗಲ ಮೇಲೆ ಅಂಗೈ ಇಟ್ಟಳು. ದಿನಕ್ಕೆ ಏಳೆಂಟು ಜನರ ಮೈ ಮುಟ್ಟುವ ನನ್ನನ್ನು ಇನ್ನೊಬ್ಬರು ಹಾಗೆ ಮುಟ್ಟಿ ಹನ್ನೊಂದು ವರ್ಷವಾಗಿತ್ತು. ಅತ್ತುಬಿಟ್ಟೆ. ಅದನ್ನೂ ಖಿನ್ನತೆಯ ಲಕ್ಷಣವೆಂದು ಬರೆದುಕೊಂಡರಂತೆ.

ಎಕ್ಸ್‌ರೇಯಲ್ಲಿ ಮೂಳೆ ಒಡೆದಿತ್ತು. ರಕ್ತಪರೀಕ್ಷೆ ನೋಡಿಕೊಂಡು ಕತ್ತಿನ ಬದಿಗೆ ಒಂದು ಸೂಜಿ ಕೊಟ್ಟು ನರ ಮರಗಟ್ಟಿಸಿದರು. ತೋಳಿಗೆ ಜೋಲಿ ಕಟ್ಟಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಒಂದೇ ಒಂದು ಮಾತ್ರೆಯೂ ಬೇಕಾಗಲಿಲ್ಲ. ಇದು ಮೊದಲ ದಿನ ನಿಮ್ಮಲ್ಲಿ ಇರಲಿಲ್ಲವೇ?

ರಜೆಗೆಂದು ಕೊಟ್ಟ ನಿಮ್ಮ ಪ್ರಮಾಣಪತ್ರದಲ್ಲೂ 'ಆತ್ಮಹತ್ಯೆಗೆ ಯತ್ನ' ಎಂಬ ಸಾಲಿತ್ತು. ಅದನ್ನು ಓದಿದ ನನ್ನ ಮಾಲೀಕ, "ಗಿರಾಕಿಗಳು ಹೆದರ್ತಾರೆ ಗ್ವಾಕ್ ಅಣ್ಣ, ಕೈ ವಾಸಿಯಾದ್ರೂ ಬರೋದು ಬೇಡ" ಎಂದಿದ್ದಾನೆ.

ಆದ್ದರಿಂದ ಆ ಸಾಲನ್ನು ಅಳಿಸಿ. ಮಾತ್ರೆ ಹೆಚ್ಚಾಗಿ ಬಂದವರ ನೋವನ್ನೂ ಅದೇ ದಿನ, ಅದೇ ಹಾಸಿಗೆಯಲ್ಲಿ ನೋಡುವಂತೆ ಲಿಖಿತ ಆದೇಶ ಹೊರಡಿಸಿ. ಉತ್ತರವನ್ನು ಅಂಚೆಯಲ್ಲಿ ಕಳಿಸಬಹುದು, ಫೋನು ಓದಿ ಹೇಳುತ್ತದೆ. ಆದರೂ ಸಾಧ್ಯವಾದರೆ ಓದಿ ಹೇಳಲು ಯಾರನ್ನಾದರೂ ಕಳಿಸಿ. ಬಾರ್ಲಿ ಚಹಾ ಕಾಯಿಸಿರುತ್ತೇನೆ. ಬಂದವರು ಓದಿ ಮುಗಿಸಿದ ಕೂಡಲೇ ಏಳಬೇಕೆಂದೇನಿಲ್ಲ.

ಇಂತಿ,
ಬದುಕಿರಲು ಬಯಸಿದ್ದನ್ನು ಸಾಬೀತುಪಡಿಸಲಾಗದ ನಿಮ್ಮ ರೋಗಿ,
ಗ್ವಾಕ್ ದಲ್-ಸು