ಸಮುದ್ರಕ್ಕೆ ಚೆಲ್ಲಿದ ಚರಗ

ಭಾಲ್ಕಿ
೨೮ ಡಿಸೆಂಬರ್ ೨೦೨೫

ಪ್ರೀತಿಯ ಆಯಿಗೆ,

ನಿನ್ನ ಮಂಡಿನೋವು ಹೇಗಿದೆ? ಅಲ್ಲಿಯ ಉಪ್ಪುಗಾಳಿಗೆ ಜಾಸ್ತಿಯಾಗಿರಬೇಕು ಎಂದು ಅಜ್ಜಿ ಹೇಳುತ್ತಾಳೆ. ನಿಜ ಹೇಳುತ್ತೇನೆ, ಜಾಸ್ತಿಯಾದರೆ ವಾಪಸ್ ಬರುತ್ತೀ ಎಂದು ಒಮ್ಮೆ ಖುಷಿಯಾಯಿತು. ಆಮೇಲೆ ಬೇಡ ಅನ್ನಿಸಿತು. ಅಜ್ಜಿ ಗಟ್ಟಿಯಾಗಿದ್ದಾಳೆ. ಅಪ್ಪ ಮೊದಲಿನ ಹಾಗೆಯೇ ಔರಾದ ಬಸ್ಸು ಓಡಿಸುತ್ತಾನೆ, ಬಂದು ಉಂಡು ಮಲಗುತ್ತಾನೆ. ನಾನು ಟೈರ್ ಅಂಗಡಿ ಬಿಟ್ಟೆ. ಈಗ ಅಡತ್ ಅಂಗಡಿಯಲ್ಲಿ ತೊಗರಿ ಚೀಲ ಹೊಲಿಯುತ್ತೇನೆ. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ಇದು ಎಷ್ಟನೆಯ ಕೆಲಸ ಎಂದು ಕೇಳಬೇಡ.

ಮೊನ್ನೆ ಫೋನಿನಲ್ಲಿ ನೀನು "ಇನ್ನೆರಡು ವರ್ಷ ಇರ್ರಿ ಅಂತ ಹಾಸ್ಟೆಲಿನವ್ರು ಅಂತಾರೋ, ನೀ ಏನಂತಿ?" ಎಂದು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಯಾವುದೋ ಕೂಸು "ಆಯೀ" ಎಂದು ಕೂಗಿತು, ನೀನು "ತಡಿಯವ್ವಾ, ಬಂದೆ" ಎಂದು ಹೋಗಿಬಿಟ್ಟೆ. ಅದಕ್ಕೇ ಈ ಪತ್ರ. ಅವರಿಗೆ ನನ್ನ ಹೆತ್ತತಾಯಿಯನ್ನು ಆಯಿ ಎನ್ನಲು ಕಲಿಸಿದವರು ಯಾರು?

ನೀನಿರುವ ಆ ಕಡಲತೀರದ ಕ್ಯಾಂಪಿನ ಮೇಲೆ ನನ್ನ ಹೊಟ್ಟೆಕಿಚ್ಚು ಹಳೆಯದು. ಅದು ಡ್ರೈವರುಗಳ ಸಂಘದ ರಜಾ ಕ್ಯಾಂಪಾಗಿದ್ದಾಗ ಅಪ್ಪ, ನೀನು, ವೃಂದಕ್ಕ ಹೋಗಿಬಂದಿರಿ. ಗೋಡೆಯ ಫೋಟೋದಲ್ಲಿ ಅಕ್ಕ ಸೊಂಟದವರೆಗೆ ಮರಳಲ್ಲಿ ಹುಗಿದುಕೊಂಡು ನಗುತ್ತಾಳೆ. "ನೀ ಆಗ ಹುಟ್ಟಿದ್ದಿಲ್ಲಲೇ" ಎಂದು ಈಗಲೂ ಗಂಡನ ಮನೆಯಿಂದ ಫೋನ್ ಮಾಡಿ ಚುಡಾಯಿಸುತ್ತಾಳೆ. ನಾನು ಹುಟ್ಟಿ ನಡೆಯುವಷ್ಟರಲ್ಲಿ ಸಂಘ ಒಡೆದು ಕ್ಯಾಂಪಿಗೆ ಬೀಗ ಬಿತ್ತು. ನೀವು ಮಲಗಿದ್ದ ಕೋಣೆಗಳಲ್ಲಿ ಮೀನಿನ ಬಲೆ ಪೇರಿಸಿಟ್ಟರು. ಕೊರೊನಾದಲ್ಲಿ ಪರಊರಿಂದ ಬಂದವರನ್ನು ಅಲ್ಲೇ ಕೂಡಿಹಾಕಿದರು. ಈಗ ಮೀನುಗಾರರ ಮಕ್ಕಳ ಹಾಸ್ಟೆಲ್. ಅಲ್ಲಿಗೆ ಬಲೆ ಹೋಯಿತು, ರೋಗ ಹೋಯಿತು, ಕೊನೆಗೆ ಸಂಘದಲ್ಲಿದ್ದ ಅಪ್ಪನ ಹಳೆಯ ಗೆಳೆಯರ ಮಾತಿಗೆ ನನ್ನ ತಾಯಿಯೂ ಅಡುಗೆಗೆಂದು ಒಂದು ವರ್ಷಕ್ಕೆ ಹೋದಳು. ನಾನೊಬ್ಬ ಹೋಗಿಲ್ಲ. ನೀನು ಬಾ ಎಂದು ಕರೆದದ್ದು ನಿಜ. ಬಂದರೆ ಆ ಮಕ್ಕಳ ಸಾಲಿನಲ್ಲಿ ತಾಟು ಹಿಡಿದು ನಿಲ್ಲಬೇಕು. ನಿನ್ನ ಕೈರೊಟ್ಟಿಗೆ ಸರದಿ ಕಾಯುವವನು ನಾನಲ್ಲ.

ಹಿಟ್ಟು ನಾದುತ್ತ ಅವರಿಗೆ ಮಗ್ಗಿ ಹೇಳಿಸುತ್ತೀಯಂತೆ. ನನಗೂ ಹೇಳಿಸುತ್ತಿದ್ದೆ, ನಾನೇ ಕೂರುತ್ತಿರಲಿಲ್ಲ. ಅವರು ಕೂರುತ್ತಾರೆ, ಅದೇ ನನ್ನಿಂದ ಸಹಿಸಲಾಗುವುದಿಲ್ಲ. "ನಾಹೀದಳ ರೊಟ್ಟಿ ನೋಡೋ ಸಾರಂಗ, ಹುಣ್ಣಿಮಿ ಚಂದ್ರಾಮ ಇದ್ದಂಗ" ಎಂದು ಹಾಸ್ಟೆಲಿನ ಆ ಹುಡುಗಿಯ ರೊಟ್ಟಿಯ ಫೋಟೋ ನೀನು ಕಳಿಸಿದೆ. ನೋಡಿದೆ. ಒಂದು ಕಡೆ ಸೀದಿತ್ತು.

ಅದನ್ನೂ ನುಂಗಿಕೊಂಡೆ. ಎಳ್ಳಮಾಸಿ ಹಬ್ಬದ್ದು ಮಾತ್ರ ಗಂಟಲಲ್ಲೇ ಇದೆ. ಮರಳ ಮೇಲೆ ನೀನು ಅಷ್ಟೂ ಮಕ್ಕಳನ್ನು ಕೂರಿಸಿ ಕಾಳು ಸೊಪ್ಪು ಬೇಯಿಸಿದ ಭಜ್ಜಿ, ರೊಟ್ಟಿ, ಅಂಬಲಿ ಬಡಿಸಿದೆ. ಬಡಿಸು. ಆದರೆ ಚರಗವನ್ನು ಸಮುದ್ರಕ್ಕೆ ಚೆಲ್ಲುವುದೇ? ಬೆಳೆಗೆ ಉಣಿಸುವ ಎಡೆಯನ್ನು ಉಪ್ಪುನೀರಿಗೆ ಹಾಕುವವರುಂಟೇ? ಕೇಳಿದರೆ "ಇವರ ಹೊಲ ಇದೇ ಅಲ್ಲೇನೋ, ಇದಕ್ಕೂ ಹಸಿವಿರ್ತದ" ಎಂದು ನಕ್ಕೆ. ಅದೇ ದಿನ ಡಾಬಕಾದ ನಮ್ಮ ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಕಟ್ಟಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿದವನು ನಾನು, ಭಜ್ಜಿ ಮಾಡಿದವನೂ ನಾನೇ. ಅಜ್ಜಿ ಒಂದು ತುತ್ತು ತಿಂದು "ನನಗ ಹಲ್ಲಿಲ್ಲ, ಹ್ಯಾಂಗೋ ನುಂಗ್ತೇನಿ. ಹಲ್ಲಿದ್ದವ್ರು ಬರೋದ್ರಾಗ ಮುಚ್ಚಿಡು" ಎಂದಳು. ಅಪ್ಪ ಡ್ಯೂಟಿಯಲ್ಲಿದ್ದ. ಚರಗ ಚೆಲ್ಲುತ್ತ ಒಬ್ಬನೇ ಹೊಲ ಸುತ್ತಿದೆ. ಹಿಂದೆ ನೀರು ಚಿಮುಕಿಸುತ್ತ ಬರಲು ನೀನಿರಲಿಲ್ಲ. ಕೊನೆಯ ಮೂಲೆಗೆ ಚೆಲ್ಲಲಿಲ್ಲ. ಸಿಟ್ಟಿಗೆ ನಾನೇ ತಿಂದೆ. ಉಪ್ಪು ಕಡಿಮೆಯಿತ್ತು.

ಅಲ್ಲಿಯ ಮಕ್ಕಳನ್ನು ಕೇಳಿದೆನೆಂದು ಹೇಳು ಎಂದು ಬರೆಯಬೇಕು. ಕೇಳಿಲ್ಲ. ನಾಹೀದಳಿಗೆ ಮಾತ್ರ, ಹಂಚು ಕಾದ ಮೇಲೆ ಉರಿ ಸಣ್ಣ ಮಾಡಲು ಹೇಳು. ಅಜ್ಜಿಯ ಆಶೀರ್ವಾದ ನಿನಗೆ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ಸ್ವಂತ ಮಗ,
ಸಾರಂಗ

ತಾ.ಕ.: ನಾಳೆ ಅಪ್ಪ ಫೋನ್ ಮಾಡಿ "ಎರಡು ವರ್ಷಕ್ಕ ಎಲ್ಲಾರೂ ಹೂಂ ಅಂದಾರ, ಸಾರಂಗನೂ ಅಂದಾನ" ಎನ್ನುತ್ತಾನೆ. ಹಾಗೆನ್ನುವಾಗ ಅವನ ಮೈಮೇಲೆ ನಿನ್ನ ಬೂದು ಸ್ವೆಟರ್ ಇರುತ್ತದೆ. ಕೇಳಿದರೆ ಚಳಿ ಎನ್ನುತ್ತಾನೆ. ನಾನು ಹೂಂ ಅಂದಿಲ್ಲ. ಅಲ್ಲೇ ಇದ್ದರೆ ಇರು, ನಾನೇನೂ ಸಾಯುವುದಿಲ್ಲ. ಆದರೆ ಹೂಂ ನನ್ನ ಬಾಯಿಂದ ಬರುವುದಿಲ್ಲ. ಬಂದುಬಿಡು.