ಎರಡೋ ಎಂಟೋ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಮತ್ತೆ ಕೈ ತೊಳೆದೆ. ಮೊಣಕೈವರೆಗೆ, ಬಳೆ ಉಂಗುರ ಎಲ್ಲ ತೆಗೆದಿಟ್ಟು. ಬೆರಳ ತುದಿ ಸುಲಿಯುತ್ತಿದೆ. ಹಿಂಡಿದ ಹಾಲಿನ ಬಾಟಲಿಗೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟೆ. ಮಗಳಿಗೆ ಇನ್ನೂ ಹೆಸರಿಲ್ಲ, ಚೀಟಿಯಲ್ಲಿ ನನ್ನದೇ.

ಡಾಕ್ಟರು ಹೇಳಿದ ತಾರೀಖಿಗಿಂತ ಮುಂಚೆಯೇ ಬಂದುಬಿಟ್ಟಳು. ಹೆಂಡತಿ ರೈಲ್ವೆ ಅನೌನ್ಸರ್ ಅಂತ ಇವರು ಮಗಳಿಗೆ ‘ಎಕ್ಸ್‌ಪ್ರೆಸ್’ ಅಂತ ಅಡ್ಡಹೆಸರಿಟ್ಟಿದ್ದಾರೆ. ಅವಳನ್ನು ಮಲಗಿಸಿರುವ ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ಬಾಯಿಟ್ಟು ಮಾತಾಡಿಸಿದೆ. ಕನ್ನಡಕದ ಸಿಸ್ಟರ್ ನಕ್ಕರು. “ಮೆಲ್ಲಗಮ್ಮ, ಇಲ್ಲಿ ಮೈಕ್ ಇಲ್ಲ.”

ಮಾರ್ಚ್ 4, ಮಂಗಳವಾರ

ಚೆನ್ನಾಗಿಲ್ಲ. ಬೆಳಿಗ್ಗೆಯಿಂದ ಹಾಲು ಕುಡಿಯುತ್ತಿಲ್ಲ. ಬಣ್ಣ ಮಂಕು. ರಕ್ತಕ್ಕೆ ಸೋಂಕು ತಗುಲಿದೆ ಅಂದರು ಡಾಕ್ಟರಮ್ಮ. ನಾಳೆಯಿಂದ ಹೊಸ ಔಷಧಿ. “ಕಮ್ಮಿಯಾದ್ರೆ ಕೆಲಸ ಮಾಡಲ್ಲ, ಜಾಸ್ತಿಯಾದ್ರೆ ಕಿವಿಗೆ, ಕಿಡ್ನಿಗೆ ತೊಂದರೆ. ಅಳತೆ ಸರಿಯಾಗಿರಬೇಕು, ಅಷ್ಟೇ.” ಅಷ್ಟೇ ಅಂದರು. ಆ ‘ಅಷ್ಟೇ’ ಇನ್ನೂ ಕಿವಿಯಲ್ಲಿದೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಮರೆಯುವ ಮುಂಚೆ ಬರೆದಿಡುತ್ತೇನೆ.

ಔಷಧಿ ಹಾಕುವ ಮುಂಚೆ ಇಲ್ಲಿ ಇಬ್ಬರು ಸಿಸ್ಟರ್ ಬೇರೆಬೇರೆಯಾಗಿ ಲೆಕ್ಕ ಮಾಡಬೇಕು. ಒಬ್ಬರದ್ದು ಇನ್ನೊಬ್ಬರು ನೋಡುವಂತಿಲ್ಲ. ನಾನು ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲಿದ್ದೆ. ಕಂಪ್ಯೂಟರ್ ಪರದೆ ಎದುರಿಗೇ. ಅದರಲ್ಲಿ ಔಷಧಿಯ ಲೆಕ್ಕ, ಒಂದೇ ಸಾಲು:

2 × 8 ÷ 4 × 2

“ಎರಡು ಎಂಎಲ್,” ಅಂದರು ಕನ್ನಡಕದ ಸಿಸ್ಟರ್.

ಇನ್ನೊಬ್ಬರು, ಎತ್ತರದ ಸಿಸ್ಟರ್, ತಮ್ಮ ಚೀಟಿ ಮತ್ತೊಮ್ಮೆ ನೋಡಿಕೊಂಡರು. ಆಮೇಲೆ, “ನಂಗೆ ಎಂಟು ಬಂತು.”

“ಇನ್ನೊಂದ್ಸಲ ನೋಡು.”

“ನೋಡ್ದೆ. ಎಂಟೇ.”

ಇಬ್ಬರೂ ಇನ್ನೊಂದು ಸಲ ಮಾಡಿದರು. ಮತ್ತೆ ಎರಡು, ಮತ್ತೆ ಎಂಟು. ಕನ್ನಡಕದವರು ಹಿರಿಯರು, ಕಿರಿಯಳನ್ನು ಗದರಿಸಿ ಎರಡಕ್ಕೆ ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಸಿರಿಂಜನ್ನು ಟ್ರೇಯಲ್ಲಿಟ್ಟು ಫೋನ್ ಎತ್ತಿಕೊಂಡರು. “ಡಾಕ್ಟ್ರೇ, ಉತ್ತರ ಹೊಂದ್ತಾ ಇಲ್ಲ. ನೀವು ಬರೋವರೆಗೂ ಹಾಕಲ್ಲ.”

ಮಗು ಹಾಗೇ ಮಲಗಿತ್ತು.

ಡಾಕ್ಟರಮ್ಮ ಬಂದರು. ಪರದೆ ನೋಡಿದವರೇ ಹಣೆಗೆ ಕೈ ಹಚ್ಚಿದರು. ಅವರು ಕಾಗದದ ಮೇಲೆ ಬರೆದಾಗ ನಡುವೆ ಒಂದು ಅಡ್ಡಗೆರೆ ಇತ್ತಂತೆ. ಮೇಲೆ: ತೂಕ ಎರಡು ಕೆಜಿ, ಕೆಜಿಗೆ ದಿನಕ್ಕೆ ಎಂಟು ಮಿಲಿಗ್ರಾಂ. ಕೆಳಗೆ: ಒಂದು ಎಂಎಲ್‌ನಲ್ಲಿ ನಾಲ್ಕು ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಹದಿನಾರನ್ನು ಎಂಟರಿಂದ ಭಾಗಿಸಬೇಕು. ಕಂಪ್ಯೂಟರಿಗೆ ಹಾಕುವಾಗ ಎಲ್ಲ ಒಂದೇ ಸಾಲಾಗಿ, ಅಡ್ಡಗೆರೆ ಮಾಯ.

“ನಾನೇ ಟೈಪ್ ಮಾಡಿದ್ದು. ಓದಿದ ನಿಮ್ಮಿಬ್ಬರದ್ದೂ ತಪ್ಪಿಲ್ಲ,” ಅಂದರು. 4 × 2ಕ್ಕೆ ಆವರಣ ಹಾಕಿದರು. ಆಮೇಲೂ ಇಬ್ಬರಿಂದ ಹೊಸದಾಗಿ ಲೆಕ್ಕ ಮಾಡಿಸಿದರು. ಎರಡು. ಎರಡು.

ಆಗ ಔಷಧಿ ಹಾಕಿದರು.

ಅದೇ ದಿನ. ಸಂಜೆ

ಇವರು ಶಾಲೆಯಿಂದ ನೇರ ಬಂದರು. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಕೈಯಲ್ಲಿನ್ನೂ ಸೀಮೆಸುಣ್ಣದ ಪುಡಿ. ವರಾಂಡದ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಆ ಸಾಲನ್ನು ಅಂಗೈ ಮೇಲೆ ಬರೆದು ತೋರಿಸಿದೆ.

“ಎಂಟು,” ಅಂದುಬಿಟ್ಟರು. ಒಂದು ಕ್ಷಣವೂ ಬೇಕಾಗಲಿಲ್ಲ. “ಗುಣಾಕಾರ, ಭಾಗಾಕಾರ ಎರಡಕ್ಕೂ ಸಮ ದರ್ಜೆ ಕಣೆ. ಎಡಗಡೆಯಿಂದ ಮಾಡ್ಕೊಂಡು ಹೋಗೋದು. ನಿಯಮದ ಪ್ರಕಾರ ಎಂಟೇ.”

“ರೀ, ಎಂಟು ಹಾಕಿದ್ರೆ ನಾಲ್ಕು ಪಟ್ಟು ಆಗ್ತಿತ್ತಂತೆ.”

ನನ್ನ ಅಂಗೈಯನ್ನೇ ನೋಡುತ್ತಾ ಕೂತರು. ಆಮೇಲೆ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ 6, ಗುರುವಾರ

ಎತ್ತರದ ಸಿಸ್ಟರ್ ಇವತ್ತು ನಮ್ಮ ಪೆಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ನೋಡಿದರೂ ನೋಡದ ಹಾಗೆ. ಹಾಲಿನ ಫ್ರಿಜ್ಜಿನ ಹತ್ತಿರ ಸಿಕ್ಕರು. ಕಣ್ಣು ಕೆಂಪಾಗಿತ್ತು.

“ನಾನೊಬ್ಳೇ ಇದ್ದಿದ್ರೆ ಎಂಟು ಹಾಕಿರ್ತಿದ್ದೆ ಅಕ್ಕಾ. ರಾತ್ರಿಯೆಲ್ಲ ಅದೇ.”

ಊರಿಗೆಲ್ಲ ಕೇಳುವ ಹಾಗೆ ಕೂಗುವವಳು ಹತ್ತಿರ ಹೋಗಿ ದನಿ ತಗ್ಗಿಸಿದೆ. ಹೀಗಂದೆ, “ಹಿರಿಯೋರು ಎರಡು ಅಂದ್ಮೇಲೂ ನೀವು ಎಂಟು ಅಂತ ಬಾಯಿಬಿಟ್ಟು ಹೇಳಿದ್ರಲ್ಲ. ಹೆದರ್ಕೊಂಡು ‘ನಂದೂ ಎರಡೇ’ ಅಂದಿದ್ರೆ ಆ ಸಾಲು ಹಾಗೇ ಉಳೀತಿತ್ತು. ಮುಂದಿನ ಪಾಳಿಯವರು ಏನು ಓದ್ಕೊತಿದ್ರೋ.”

ಅವರು ಮೂಗು ಒರೆಸಿಕೊಂಡರು. ಹೋಗುವಾಗ ನನ್ನ ಬಾಟಲಿಯ ಚೀಟಿ ಓರೆಯಾಗಿದೆ ಅಂತ ಕಿತ್ತು ನೇರ ಅಂಟಿಸಿದರು.

ಮಾರ್ಚ್ 12, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ದೃಷ್ಟಿಯಾದೀತು ಅನ್ನುವ ಹುಚ್ಚು.

ರಕ್ತದ ರಿಪೋರ್ಟ್ ಬಂತು. ಸೋಂಕಿಲ್ಲ. ಬಣ್ಣ ಬಂದಿದೆ. ನಿನ್ನೆ ಯಾರೋ ಟ್ರೇ ಬೀಳಿಸಿದ ಸದ್ದಿಗೆ ಬೆಚ್ಚಿದಳು, ಮುಖ ಕಿವುಚಿ ಅತ್ತಳು. ಕಿವಿ ಕೇಳುತ್ತದೆ. ಕೇಳುತ್ತದೆ... ಅದಕ್ಕಿಂತ ಚೆಂದದ ಅಳು ನಾನು ಕೇಳಿಲ್ಲ. ಕನ್ನಡಕದ ಸಿಸ್ಟರ್ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದೆ. “ನಾನೇನ್ ಮಾಡಿದೆ? ಹೊಂದಲಿಲ್ಲ, ನಿಲ್ಲಿಸಿದೆ,” ಅಂದರು. ಡ್ರಿಪ್ ಹನಿ ನೋಡುತ್ತಲೇ ಇದ್ದರು.

ಇವರು ಪರೀಕ್ಷೆಯ ಪ್ರಶ್ನೆಪತ್ರಿಕೆಯಿಂದ ಅಂಥದ್ದೊಂದು ಲೆಕ್ಕ ತೆಗೆದುಹಾಕಿದರಂತೆ. ಹೆಡ್‌ಮೇಷ್ಟ್ರು ಯಾಕೆ ಅಂತ ಕೇಳಿದ್ದಕ್ಕೆ, “ಮಕ್ಕಳನ್ನ ಎಡವಿಸೋಕೇ ಬರೆದ ಲೆಕ್ಕ ಸಾರ್ ಅದು. ಅರ್ಥ ಆಗೋ ಹಾಗೆ ಬರೆದು ಕೊಡೋಣ” ಅಂದರಂತೆ. ಹೇಳುವಾಗ ನಾಚಿಕೊಂಡರು. ಈ ಮನುಷ್ಯನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಟಿಫಿನ್ ಡಬ್ಬಿ ತೊಳೆಯದೇ ತಂದದ್ದಕ್ಕೂ ಬೈಯಲಿಲ್ಲ.

ಮಾರ್ಚ್ 15, ಶನಿವಾರ. ಬೆಳಿಗ್ಗೆ 11

ಇವತ್ತು ಮಗುವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾರೆ. ಎದೆಯ ಮೇಲೆ ಮಲಗಿಸಿಕೊಳ್ಳಬೇಕಂತೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ. ಕಿಂಡಿಯಿಂದ ಬೆರಳು ಮುಟ್ಟಿದ್ದು ಬಿಟ್ಟರೆ ಎತ್ತಿಕೊಂಡೇ ಇಲ್ಲ ನಾನು. ಬೀಳಿಸಿಬಿಟ್ಟರೆ? “ಯಾವ ತಾಯೀನೂ ಬೀಳಿಸಿಲ್ಲ, ಬನ್ನಿ,” ಅನ್ನುತ್ತಿದ್ದಾರೆ. ಎತ್ತರದ ಸಿಸ್ಟರೇ. ನಾನೇ ಎತ್ತಿಕೊಡ್ತೀನಿ ಅಂತ ಕೇಳಿಕೊಂಡು ಬಂದರಂತೆ. ಕುರ್ಚಿ ಹಾಕಿದ್ದಾರೆ. ಇವರು ಗಾಜಿನ ಆಚೆ, ಒಳಗೆ ಬರಲೋ ಬೇಡವೋ ಅಂತ ಚಪ್ಪಲಿ ಬಿಟ್ಟು ನಿಂತಿದ್ದಾರೆ. ಸಿಸ್ಟರ್ ಪೆಟ್ಟಿಗೆಯ ಬಾಗಿಲು ತೆಗೆದರು, ಎರಡೂ ಕೈ ಅಡಿಗೆ ಹಾಕಿದರು, ಪೆನ್ ಇಡಬೇಕು—