ಹೊಗೆ ಎದ್ದ ಕಡೆ

ತರೀಕೆರೆ,
೧೮-೩-೧೯೮೬

ಸೋಮಶೇಖರಣ್ಣನಿಗೆ ಶರಣು.

ಕೆಮ್ಮಣ್ಣುಗುಂಡಿ ಕಾಡಿಗೆ ಬೆಂಕಿ ಇಟ್ಟರೆಂದು ನಮ್ಮ ಯಜಮಾನರನ್ನು ಹಿಡಿದುಕೊಂಡು ಹೋಗಿದ್ದಾರೆ. ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಲು ಹೋದವರು ಅವರು. ಎರಡೂ ಅಂಗೈ ಬೆಂದಿವೆ. "ಸುಟ್ಟ ಕೈಯೇ ಸಾಕ್ಷಿ ಕಣಮ್ಮ" ಅಂದ ಗಾರ್ಡ್.

ಹೈದರಾಬಾದಿನ ನಿಮ್ಮ ಆಫೀಸಿಗೆ ಬಂದ ಉಪಗ್ರಹದ ಚಿತ್ರದಲ್ಲಿ ನಮ್ಮೂರ ಹೊಗೆ ಕಂಡಿತು, ಅದು ಗುಡ್ಡದ ಆಚೆ ಮಗ್ಗುಲಿನಿಂದ ಎದ್ದಿತ್ತು ಎಂದು ಹೆಮ್ಮೆಯಿಂದ ಬರೆದವನು ನೀನೇ. ಅವತ್ತು ಬೆಂಕಿ ಎದ್ದಾಗ ಇವರು ಈಚೆ ಹೊಲದಲ್ಲಿದ್ದರು. ಈಗ ಆ ಚಿತ್ರ ಕೇಳಿದರೆ, ಸರ್ಕಾರದ್ದು, ನನ್ನ ಹೆಸರು ಎತ್ತಬೇಡ ಎನ್ನುತ್ತೀಯ. ನಾಚಿಕೆಯಾಗುವುದಿಲ್ಲವೇ?

ಸೋಮವಾರ ಕೋರ್ಟಿದೆ. ಚಿತ್ರ ತೆಗೆದುಕೊಂಡು ಬಾ.

ನಿನ್ನೆ ಲಾಕಪ್ಪಿನಲ್ಲಿ ಇವರು, "ನಿಮ್ಮಣ್ಣ ಬತ್ತಾನಾ?" ಎಂದರು. "ಹೊರಟಿದ್ದಾನೆ ಕಣ್ರೀ" ಎಂದೆ. ನಿನಗೋಸ್ಕರ ನಾನು ಹೇಳುವ ಸುಳ್ಳು ಇದೇ ಕೊನೆಯದು.

ನಿನ್ನ ತಂಗಿ,
ತೀರ್ಥಮ್ಮ